ಕುಂಬಳಕಾಯಿ ಹಗಲಲ್ಲಿ ಬೆಳೆಯುವುದೋ, ರಾತ್ರಿಯಲ್ಲೋ?

ಸಂಘದ ಕಛೇರಿಗೆ ಬರುವ ಸದಸ್ಯರು ಕಾಫಿ, ಅಡಿಕೆ, ಮೆಣಸಿನ ಧಾರಣೆಯ ಮಾತು ಮುಗಿದ ಮೇಲೆ ಹಿತ್ತಲಿನ ಮಾತಿಗೆ ಇಳಿಯುವುದು ವಾಡಿಕೆ. ಈಚೆಗೆ ಅಲ್ಲಿ ಹೆಚ್ಚು ಕೇಳಿಬರುತ್ತಿರುವ ದೂರು ಕುಂಬಳದ್ದು. ಎಳೆಯ ಅಡಿಕೆ ತೋಟದ ಸಾಲುಗಳ ನಡುವೆ ಸಿಹಿಗುಂಬಳವನ್ನೋ ಬೂದುಗುಂಬಳವನ್ನೋ ಹಬ್ಬಿಸಿದವರು, “ಬಳ್ಳಿ ಕಾಡಿನಂತೆ ಹಬ್ಬಿತು, ಹೂವೂ ಬಂತು, ಮಿಡಿ ಮಾತ್ರ ಹಳದಿಯಾಗಿ ಉದುರಿಹೋಯಿತು” ಎನ್ನುತ್ತಾರೆ. ಇದು ಸಣ್ಣ ನಷ್ಟವಲ್ಲ. ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಕಾಯಬೇಕಾದ ಸಣ್ಣ ಹಿಡುವಳಿದಾರನಿಗೆ ಆ ನಡುವಿನ ವರ್ಷಗಳಲ್ಲಿ ಕೈಗೆ ಬರುವ ನಾಲ್ಕು ಕಾಸು ಇಂತಹ ಮಧ್ಯಂತರ ಬೆಳೆಯದೇ. ಆಯುಧಪೂಜೆಯ ಹಿಂದುಮುಂದಿನ ದಿನಗಳಲ್ಲಿ ಬೆಂಗಳೂರಿನ ಯಶವಂತಪುರ, ಹೆಬ್ಬಾಳ, ಆರ್.ಟಿ. ನಗರಗಳ ರಸ್ತೆ ಬದಿಯಲ್ಲಿ ರಾಶಿ ಬೀಳುವ ಬೂದುಗುಂಬಳವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸದ ನಿಮಿತ್ತ ನಾವು ಬೆಂಗಳೂರಿಗೆ ಹೋದಾಗ ಯಲಹಂಕದ ತಂಗಿಯ ಮನೆಯಲ್ಲಿ ಇಳಿದುಕೊಳ್ಳುವುದುಂಟು. ಆಕೆಯ ಹಿತ್ತಲಲ್ಲಿ ಒಂದು ಸಿಹಿಗುಂಬಳದ ಬಳ್ಳಿ. “ಅಣ್ಣಾ, ಈ ಕಾಯಿ ರಾತ್ರಿ ಹೊತ್ತಲ್ಲೇ ಊದಿಕೊಳ್ಳುತ್ತೆ ನೋಡು. ಸಂಜೆ ಕಂಡ ಹಾಗೆ ಬೆಳಿಗ್ಗೆ ಇರೋದಿಲ್ಲ” ಎಂದಳು. ನಾವು ನಕ್ಕೆವು. ಆದರೂ ದರ್ಜಿಯ ಟೇಪೊಂದನ್ನು ತರಿಸಿ ನಾಲ್ಕು ದಿನ ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಕಾಯಿಯ ಸುತ್ತಳತೆ ತೆಗೆದೆವು. ತಂಗಿಯ ಮಾತೇ ನಿಜವಾಯಿತು. ಸುತ್ತಳತೆ ಏರಿದ್ದು ಬಹುಪಾಲು ರಾತ್ರಿಯಲ್ಲಿ. ಬಿಸಿಲು ಬಲವಾಗಿದ್ದ ಒಂದು ದಿನವಂತೂ ಹಗಲಿನ ಲೆಕ್ಕಕ್ಕೆ ಏನೂ ಸಿಗಲಿಲ್ಲ.

ಇದಕ್ಕೆ ಕಾರಣ ಸರಳ. ಕುಂಬಳಕಾಯಿಯಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ನೀರು. ಹಗಲಲ್ಲಿ ಎಲೆಗಳು ಬಿಸಿಲನ್ನು ಹಿಡಿದು ಸಕ್ಕರೆ ತಯಾರಿಸುತ್ತವೆ. ಅದಕ್ಕೆ ಬೇಕಾದ ಗಾಳಿಗಾಗಿ ಎಲೆಯ ಸೂಕ್ಷ್ಮ ರಂಧ್ರಗಳು ತೆರೆದಿರಬೇಕು. ಅವು ತೆರೆದಿರುವಷ್ಟು ಹೊತ್ತೂ ನೀರು ಆವಿಯಾಗಿ ಹೋಗುತ್ತಿರುತ್ತದೆ. ಕುಂಬಳದ ಎಲೆಯಾದರೋ ಮೊರದಗಲ. ಬೇರು ಎಳೆದು ಕೊಡುವ ನೀರೆಲ್ಲ ಎಲೆಗೇ ಸಾಲದೆ ಹೋಗುವಾಗ ಕಾಯಿಗೆ ಉಳಿಯುವುದೇನು? ಮಣ್ಣು ಒಣಗಿದ್ದರೆ ನಡುಹಗಲಲ್ಲಿ ಕಾಯಿ ಕೂದಲೆಳೆಯಷ್ಟು ಕುಗ್ಗುವುದೂ ಉಂಟು. ಹೊತ್ತು ಮುಳುಗಿದ ಮೇಲೆ ರಂಧ್ರಗಳು ಮುಚ್ಚುತ್ತವೆ. ಆಗ ಬೇರಿನ ನೀರೂ, ಹಗಲು ಎಲೆಯಲ್ಲಿ ಕೂಡಿಟ್ಟ ಸಕ್ಕರೆಯೂ ಕಾಯಿಯತ್ತ ಹರಿದು ಅದು ಹಿಗ್ಗುತ್ತದೆ. ಹಗಲು ಸಂಪಾದನೆ, ರಾತ್ರಿ ಬೆಳವಣಿಗೆ ಎಂದು ತಿಳಿದರಾಯಿತು. ಮೋಡ ಮುಸುಕಿದ ದಿನಗಳಲ್ಲಿ ಸಂಪಾದನೆಯೇ ಕಡಿಮೆ. ರಾತ್ರಿ ತೀರ ತಣ್ಣಗಾದರೆ ಸಂಪಾದಿಸಿದ್ದೂ ಬೇಗ ಕಾಯಿಗೆ ಸೇರುವುದಿಲ್ಲ.

ಹವೆಯ ಲೆಕ್ಕದಲ್ಲಿ ಬೆಂಗಳೂರಿನ ಉತ್ತರ ಭಾಗ ಈ ಬೆಳೆಗೆ ಒಗ್ಗುವಂಥದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಏಪ್ರಿಲ್ ತಿಂಗಳ ನಡುಹಗಲಲ್ಲಿ ಉಷ್ಣತೆ 34 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಏರಿದರೂ ರಾತ್ರಿ 22ರ ಸುಮಾರಿಗೆ ಇಳಿಯುತ್ತದೆ. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಹೆಬ್ಬಾಳ–ಯಲಹಂಕ ರಸ್ತೆಯಲ್ಲಿದೆ. ಯಲಹಂಕದಾಚೆ ಹೆಸರಘಟ್ಟದಲ್ಲಿ, 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಅರ್ಕಾ ಚಂದನ್, ಅರ್ಕಾ ಸೂರ್ಯಮುಖಿ ಎಂಬ ಸಿಹಿಗುಂಬಳದ ತಳಿಗಳು ಈ ಸಂಸ್ಥೆಯ ಕೊಡುಗೆ. ಚಂದನದ ಕಾಯಿ ಎರಡು-ಮೂರು ಕೆ.ಜಿ. ತೂಗಿದರೆ ಸೂರ್ಯಮುಖಿಯದು ಸುಮಾರು ಒಂದು ಕೆ.ಜಿ. ಸಂಸಾರಸ್ಥರು ಕೊಳ್ಳುವುದು ಇಂಥ ಕಾಯಿಯನ್ನೇ.

ಹಾಗಾದರೆ ಪತ್ರಿಕೆಗಳಲ್ಲಿ ಚಿತ್ರ ಬರುವ ಆ ದೈತ್ಯ ಕುಂಬಳ ಎಲ್ಲಿಯದು? 2023ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರಲ್ಲಿ 1,247 ಕೆ.ಜಿ. ತೂಗಿದ ಕಾಯಿ ವಿಶ್ವದಾಖಲೆ ಮಾಡಿತ್ತು. ಅದು ನಮ್ಮ ಅರ್ಕಾ ಚಂದನದ ಜಾತಿಯೇ ಅಲ್ಲ, ಅದರ ದಾಯಾದಿ. ಭರದ ದಿನಗಳಲ್ಲಿ ಅಂತಹ ಕಾಯಿ ದಿನವೊಂದಕ್ಕೆ 15–20 ಕೆ.ಜಿ. ಏರುತ್ತದೆ. ಆ ಸೀಮೆಗಳಲ್ಲಿ ಬೇಸಿಗೆಯ ಹಗಲು ನಮ್ಮದಕ್ಕಿಂತ ದೀರ್ಘವಾದದ್ದು. ನಮ್ಮಲ್ಲಿ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಸಂಪಾದನೆಯ ಹೊತ್ತೇ ಕಡಿಮೆ. ಆದಕಾರಣ ಬೀಜ ತರಿಸಿದ ಮಾತ್ರಕ್ಕೆ ಆ ಗಾತ್ರ ಇಲ್ಲಿ ಬರಲಾರದು. ಆದರೆ ಅವರ ಒಂದು ಪಾಠ ನಮಗೂ ಸಲ್ಲುತ್ತದೆ: ಬಳ್ಳಿಗೆ ಒಂದೇ ಕಾಯಿ ಉಳಿಸಿ, ಎಲೆಗಳ ಸಂಪಾದನೆಯನ್ನೆಲ್ಲ ಅದಕ್ಕೇ ಸಲ್ಲಿಸುತ್ತಾರೆ. ದೊಡ್ಡ ಕಾಯಿ ಬೇಕೆನ್ನುವವರು ಬಳ್ಳಿಗೆ ಎರಡು-ಮೂರಕ್ಕಿಂತ ಹೆಚ್ಚು ಬಿಡಬಾರದು.

ಇನ್ನು ಮಿಡಿ ಉದುರುವ ಮಾತು. ಎಳೆಗಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂದು ನಮ್ಮ ಹಿರಿಯರು ಗದರಿಸುತ್ತಿದ್ದರು. ಬೆರಳಿನ ದೋಷ ಏನೂ ಇಲ್ಲ. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಉದ್ದ ತೊಟ್ಟಿನ ಗಂಡು ಹೂ ಮೊದಲು ಬರುತ್ತದೆ. ಬುಡದಲ್ಲಿ ಪುಟ್ಟ ಮಿಡಿಯಿರುವ ಹೆಣ್ಣು ಹೂ ಕೆಲವು ದಿನ ತಡವಾಗಿ. ಸೆಕೆ ಹೆಚ್ಚಿ ಹಗಲು ದೀರ್ಘವಾದಂತೆ ಗಂಡು ಹೂವಿನ ಸಂಖ್ಯೆ ಏರುತ್ತದೆ. ಹೂ ಬೆಳಕು ಹರಿಯುವ ಹೊತ್ತಿಗೆ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡಿಕೊಳ್ಳುತ್ತದೆ. ಆ ಮೂರು-ನಾಲ್ಕು ಗಂಟೆಗಳಲ್ಲಿ ಜೇನು ಬಂದು ಪರಾಗ ಮುಟ್ಟಿಸದಿದ್ದರೆ ಮಿಡಿ ಉದುರಲೇಬೇಕು. ಮಳೆ ಹಿಡಿದ ಮುಂಜಾನೆ ಜೇನು ಗೂಡು ಬಿಟ್ಟು ಏಳುವುದಿಲ್ಲ. ನೆನೆದ ಪರಾಗ ಒಡೆದು ಕೆಡುತ್ತದೆ. ಕಾಫಿ ಹೂ ಅರಳಿದ ದಿನವೇ ಮಳೆ ಸುರಿದರೆ ಕಾಯಿ ಕಚ್ಚುವುದಿಲ್ಲವೆಂದು ಬಲ್ಲ ನಮಗೆ ಇದು ಹೊಸ ಪಾಠವಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಇದನ್ನು ಬರೆಯುವಾಗ ನಾವೂ ನಮ್ಮ ಹೆಗಲು ಮುಟ್ಟಿಕೊಳ್ಳಬೇಕು. ಒಂದು ವರ್ಷ ಎಲೆ ತಿನ್ನುವ ಹುಳು ಬಿತ್ತೆಂದು, ಆಳುಗಳು ಬರುವ ಹೊತ್ತಿಗೆ ಅನುಕೂಲವೆಂದು, ಹೂ ತೆರೆದಿರುವ ಬೆಳಿಗ್ಗೆಯೇ ಔಷಧಿ ಹೊಡೆಸಿದೆವು. ಹುಳುವಿನ ಜೊತೆಗೆ ಜೇನೂ ಹೋಯಿತು. ಆ ಸಾಲಿನಲ್ಲಿ ಮಿಡಿಯೊಂದೂ ನಿಲ್ಲಲಿಲ್ಲ. ಪಕ್ಕದ ಹಿಡುವಳಿದಾರರ ಜೇನು ಪೆಟ್ಟಿಗೆ ಎರಡು ಬರಿದಾದುದನ್ನು ಅವರು ನಮಗೆ ಬಾಯಿಬಿಟ್ಟು ಹೇಳಲಿಲ್ಲ; ನಾವೇ ಹೋಗಿ ನೋಡಿ ತಲೆ ತಗ್ಗಿಸಿ ಬಂದೆವು. ಪರಕೀಯ ಪರಾಗವಿಲ್ಲದೆ ಕಾಯಿ ಕಟ್ಟದ ರೋಬಸ್ಟಾ ಬೆಳೆಯುವವರು ಈ ತಪ್ಪಿಗೆ ಎರಡು ಕಡೆ ದಂಡ ತೆರುತ್ತಾರೆ. ಔಷಧಿ ಹೊಡೆಯಲೇಬೇಕಾದರೆ ಹೂ ಮುದುಡಿ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯುವುದು ಲೇಸು.

ಮೇಲಿನ ವಿವರಣೆಯಿಂದ ಸದಸ್ಯರು ಆಚರಿಸಬಹುದಾದ ಕ್ರಮಗಳು ಇವು:

1. ಮಳೆ ಮೋಡದ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಎಂಟರೊಳಗೆ ಆಗ ತಾನೇ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವಿಗೆ ಮೃದುವಾಗಿ ಸವರಬೇಕು. ಮಳೆ ಬರುವಂತಿದ್ದರೆ ಹೆಣ್ಣು ಹೂವಿಗೆ ಎಲೆಯ ದೊನ್ನೆ ಕವುಚಬಹುದು. ಮನೆಯ ಮಕ್ಕಳೂ ಮಾಡಬಲ್ಲ ಕೆಲಸ ಇದು.

2. ನಡುಹಗಲಲ್ಲಿ ಎಲೆ ಜೋತ ಮಾತ್ರಕ್ಕೆ ನೀರಿಗೆ ಓಡಬಾರದು. ಸಂಜೆಗೆ ಅದು ತಾನೇ ಚೇತರಿಸುತ್ತದೆ. ಮುಂಜಾನೆಯೂ ಎಲೆ ಜೋತಿದ್ದರೆ ನೀರು ಸಾಲದೆಂದೇ ಅರ್ಥ. ನೀರನ್ನು ಬೆಳಿಗ್ಗೆ ಬುಡಕ್ಕೆ ಕೊಡಬೇಕು. ಸಂಜೆ ಎಲೆಯ ಮೇಲೆ ಚಿಮುಕಿಸಿದರೆ ರಾತ್ರಿಯೆಲ್ಲ ಒದ್ದೆಯಿದ್ದು ರೋಗಕ್ಕೆ ದಾರಿಯಾಗುತ್ತದೆ.

3. ಒಣಗಿಸಿ ಒಮ್ಮೆಲೇ ನೀರು ಕೊಡುವುದು ಸಲ್ಲದು. ಬರದ ಬೆನ್ನಿಗೆ ದೊಡ್ಡ ಮಳೆ ಬಿದ್ದರೆ ಒಳಗಿನ ತಿರುಳು ಹಿಗ್ಗುವ ವೇಗಕ್ಕೆ ಸಿಪ್ಪೆ ತಾಳದೆ ಕಾಯಿ ಬಿರಿಯುತ್ತದೆ. ಅಡಿಕೆ ಕಾಯಿ ಒಡೆಯುವುದರಲ್ಲೂ ಇದೇ ಕಾರಣವಿರುವುದುಂಟು. ಬಸಿಗಾಲುವೆ ಎರಡಕ್ಕೂ ಮದ್ದು.

4. ಬಳ್ಳಿಗೆ ನೇರ ಬಿಸಿಲು ಬೇಕು. ಅಡಿಕೆ ಸಸಿ ನೆಟ್ಟ ಮೊದಲ ಎರಡು-ಮೂರು ವರ್ಷ ಮಾತ್ರ ತೋಟದೊಳಗೆ ಹಬ್ಬಿಸಬಹುದು. ಆಮೇಲೆ ತೋಟದಂಚಿಗೆ ಹೋಗಬೇಕು.

5. ಬೂದುಗುಂಬಳಕ್ಕೆ ಬಯಲುಸೀಮೆಯವರ ಲೆಕ್ಕ ಮಲೆನಾಡಿಗೆ ಸರಿಹೊಂದದು. ಅವರು ಜೂನ್ ಆರಂಭದಲ್ಲಿ ಬಿತ್ತಿ ಆಯುಧಪೂಜೆಗೆ ಕೊಯ್ಯಬಲ್ಲರು. ಅಲ್ಲಿ ಜುಲೈ ಮಳೆ ಹಗುರ. ನಾವು ಹಾಗೆ ಬಿತ್ತಿದರೆ ಹೂ ಬಿಡುವುದು ಜಡಿಮಳೆಯಲ್ಲಿ. ನೀರಿನ ಅನುಕೂಲವುಳ್ಳವರು ಏಪ್ರಿಲ್ ಮೊದಲಲ್ಲೇ ಬಿತ್ತಿದರೆ ಮೇ ಕೊನೆಗೆ, ಮುಂಗಾರು ಹಿಡಿಯುವ ಮುನ್ನ, ಮಿಡಿ ಕಚ್ಚುತ್ತದೆ. ಕಾಯಿಯ ಅಡಿಗೆ ಚಪ್ಪಟೆ ಕಲ್ಲು ಕೊಟ್ಟು ನೆಲದ ತೇವ ತಪ್ಪಿಸಿ, ಬೂದಿ ಚೆನ್ನಾಗಿ ಕಟ್ಟಿದ ಮೇಲೆ ತೊಟ್ಟು ಸಹಿತ ಕೊಯ್ಯಬೇಕು. ಹಿರಿಯರು ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕುತ್ತಿದ್ದಂತೆ ಇಟ್ಟರೆ ಬಲಿತ ಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಬ್ಬದ ಗಿರಾಕಿಗೆ ಸಿಗುತ್ತದೆ.

ಇವುಗಳಲ್ಲಿ ಖರ್ಚಿನ ಬಾಬು ಕಡಿಮೆ. ಬೇಕಾದುದು ಹೊತ್ತಿಗೆ ಸರಿಯಾಗಿ ಎದ್ದು ತೋಟಕ್ಕೆ ಇಳಿಯುವ ಅಭ್ಯಾಸ. ನಮ್ಮ ಮಾತನ್ನು ಹಾಗೆಯೇ ನಂಬಬೇಕೆಂದೂ ಇಲ್ಲ. ಒಂದು ಕಾಯಿಗೆ ಸಂಜೆ ದಾರ ಸುತ್ತಿ ಗಂಟಿನ ಗುರುತು ಹಾಕಿ, ಬೆಳಿಗ್ಗೆ ಮತ್ತೆ ಸುತ್ತಿ ನೋಡಿದರೆ ಸಾಕು. ಕಂಡುದನ್ನು ಸದಸ್ಯರು ಕಛೇರಿಗೆ ಬಂದಾಗ ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಹಂಚೋಣ.