ಹೆಸರು ಸರಿಯಿದ್ದರೆ ಕಾಗದ ಸಿಗುತ್ತದೆ



ಬಸವಾಪಟ್ಟಣ ಕಡೆಯ ಒಂದು ಸ್ವಸಹಾಯ ಸಂಘದಿಂದ ಇಬ್ಬರು ತಾಯಂದಿರು ಒಂದು ದಿನ ನಮ್ಮ ಕಚೇರಿಗೆ ಬಂದರು. ಬ್ಯಾಂಕ್ ಸಾಲಕ್ಕಾಗಿ ಹಿಂದಿನ ವರ್ಷದ ಠರಾವಿನ ಪ್ರತಿ ಬೇಕಿತ್ತು. "ಕಂಪ್ಯೂಟರ್‌ನಾಗೆ ಐತಲ್ಲ ಸಿಸ್ಟರ್, ಒಂದು ಪ್ರಿಂಟ್ ಕೊಡ್ರಿ" ಅಂದರು. ಇತ್ತು, ನಿಜ. ಆದರೆ 'ಸ್ಕ್ಯಾನ್ 1', 'ನ್ಯೂ', 'ಫೈನಲ್', 'ಫೈನಲ್ 2' ಎಂಬ ನೂರಾರು ಫೈಲುಗಳಲ್ಲಿ ಅದು ಯಾವುದು ಅಂತ ನಮಗೇ ತಿಳಿಯಲಿಲ್ಲ. ಮಧ್ಯಾಹ್ನದವರೆಗೂ ಹುಡುಕಿ ಬರಿಗೈಯಲ್ಲಿ ಕಳಿಸಿದೆವು. ಅವರಿಗೆ ಒಂದು ದಿನದ ಕೂಲಿ ಹೋಯಿತು. ಆ ಹೆಸರುಗಳನ್ನು ಇಟ್ಟವರು ನಾವೇ, ತಪ್ಪೂ ನಮ್ಮದೇ. ಅದರಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಫೋಲ್ಡರ್ ಎಂದರೆ ಏನು? ಬೀರುವಿನ ಖಾನೆ ಇದ್ದ ಹಾಗೆ. ಮೊದಲು ತಾಲ್ಲೂಕು, ಅದರೊಳಗೆ ಊರು, ಅದರೊಳಗೆ ಸಂಘ, ಅದರೊಳಗೆ ವರ್ಷ. ಇಷ್ಟು ಸಾಕು. ಖಾನೆಯೊಳಗೆ ಖಾನೆ ಹೆಚ್ಚಾದರೆ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಹೆಸರಿಡುವುದು ಹೇಗೆ?

1. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಮೊದಲು ಬರೆಯಿರಿ. ಉದಾಹರಣೆಗೆ: 2024-06-14-ಬಸವಾಪಟ್ಟಣ-ಠರಾವು. ಹೀಗೆ ಬರೆದರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. 1988ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಕವೂ ಇದೇ ಕ್ರಮವನ್ನು ಹೇಳುತ್ತದೆ.

2. ಕ್ರಮಸಂಖ್ಯೆಯನ್ನು 01, 02 ಎಂದೇ ಬರೆಯಿರಿ. ಇಲ್ಲವಾದರೆ ಎಷ್ಟೋ ಕಡೆ 1 ಆದಮೇಲೆ 10 ಬಂದು, 2 ಹಿಂದೆ ಬೀಳುತ್ತದೆ.

3. 'ಹೊಸದು', 'ಕೊನೆಯದು' ಎಂಬ ಪದಗಳು ಬೇಡ. ಇವತ್ತಿನ ಹೊಸದು ನಾಳೆಗೆ ಹಳೆಯದು.

ಊರಿನ ಹೆಸರಿನಲ್ಲೂ ಎಚ್ಚರ ಬೇಕು. ಬಸವಾಪಟ್ಟಣ ಎಂದರೆ ನಮಗೆ ಚನ್ನಗಿರಿ ತಾಲ್ಲೂಕಿನದು. ಹಾಸನ ಜಿಲ್ಲೆಯ ಅರಕಲಗೂಡಿನವರಿಗೆ ಅವರದೇ ಬಸವಾಪಟ್ಟಣವಿದೆ. ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದರೆ ಒಂದೇ ಊರು ಮೂರು ಊರಾಗುತ್ತದೆ. ಜಿಲ್ಲೆ, ತಾಲ್ಲೂಕುಗಳೂ ಬದಲಾಗುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆ ತಾಲ್ಲೂಕಾಯಿತು. 2014ರ ನವೆಂಬರ್ 1ರಿಂದ ಶಿವಮೊಗ್ಗದ ಇಂಗ್ಲಿಷ್ ಹೆಸರೂ ಬದಲಾಯಿತು. ಆದ್ದರಿಂದ ಊರುಗಳ ಹೆಸರನ್ನು ಹೇಗೆ ಬರೆಯಬೇಕೆಂದು ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ಎಲ್ಲರೂ ಅದನ್ನೇ ಬಳಸಿ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗೌರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಊರಿಗೂ ಒಂದು ಪ್ರತ್ಯೇಕ ಸಂಕೇತ ಸಂಖ್ಯೆ ಇದೆ. ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡರೆ ಒಳ್ಳೆಯದು.

ವೆಬ್‌ಸೈಟಿಗೆ ಹಾಕುವ ಅರ್ಜಿ ನಮೂನೆ, ಸುತ್ತೋಲೆಗಳಿಗೆ ಇನ್ನೂ ಸ್ವಲ್ಪ ಎಚ್ಚರಿಕೆ ಬೇಕು. ಅಲ್ಲಿ ಫೋಲ್ಡರಿನ ಹೆಸರು, ಫೈಲಿನ ಹೆಸರು ಸೇರಿಯೇ ಸಾಮಾನ್ಯವಾಗಿ ವಿಳಾಸವಾಗುತ್ತದೆ. ಹಾಗಾಗಿ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟರಲ್ಲೇ ಬರೆಯಿರಿ. ಲಿನಕ್ಸ್ ಸರ್ವರಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ. ಒಂದು ಅಕ್ಷರ ತಪ್ಪಿದರೂ ಪುಟ ಸಿಗಲ್ಲ. ಪದಗಳ ನಡುವೆ ಖಾಲಿ ಜಾಗ ಬಿಟ್ಟರೆ ವಿಳಾಸದಲ್ಲಿ ಶೇಕಡಾ ಚಿಹ್ನೆ ಮತ್ತು 20 ಬಂದು ಕೂರುತ್ತದೆ. ಕನ್ನಡ ಹೆಸರನ್ನು ಕಂಪ್ಯೂಟರಿನಲ್ಲಿ ಧಾರಾಳವಾಗಿ ಇಡಬಹುದು. ಆದರೆ ವೆಬ್ ವಿಳಾಸವನ್ನು ನಕಲು ಮಾಡಿ ಕಳಿಸುವಾಗ 'ಬ' ಎಂಬ ಒಂದೇ ಅಕ್ಷರ ಒಂಬತ್ತು ಚಿಹ್ನೆಗಳಾಗಿ ಬಿಡುತ್ತದೆ.

ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬೇಡಿ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರು 1998ರಲ್ಲೇ ಇದನ್ನು ಹೇಳಿದ್ದಾರೆ. ನಾವು ಪಂಚಾಯಿತಿ ಬೋರ್ಡಿಗೆ ಅಂಟಿಸಿದ ಚೀಟಿಯಲ್ಲಿ ಹಳೆಯ ವಿಳಾಸವೇ ಇರುತ್ತದೆ. ಅದನ್ನು ನಂಬಿ ಬಂದವರಿಗೆ ಖಾಲಿ ಪುಟ ಕಾಣಬಾರದು.

ಮುಖ್ಯವಾದ ಇನ್ನೊಂದು ಮಾತು. ಆಧಾರ್ ಸಂಖ್ಯೆ, ಕಾಯಿಲೆಯ ಹೆಸರು, ಕೌಟುಂಬಿಕ ದೌರ್ಜನ್ಯದ ವಿವರ ಇವನ್ನು ಫೈಲಿನ ಹೆಸರಿನಲ್ಲಿ ಬರೆಯಲೇಬೇಡಿ. ಅಂಥ ಕಾಗದಗಳನ್ನು ವೆಬ್‌ಸೈಟಿನ ಫೋಲ್ಡರಿನಲ್ಲಿ ಇಡಲೂಬೇಡಿ. ಕೊಂಡಿ ಕೊಡದಿದ್ದರೆ ಯಾರಿಗೂ ಕಾಣಲ್ಲ ಅಂದುಕೊಳ್ಳುವುದು ತಪ್ಪು. ಕೆಲವು ಸರ್ವರುಗಳು ಫೋಲ್ಡರಿನ ಇಡೀ ಪಟ್ಟಿಯನ್ನೇ ತೋರಿಸಿಬಿಡುತ್ತವೆ. ನಮ್ಮನ್ನು ನಂಬಿ ಹೇಳಿಕೊಂಡ ಹೆಣ್ಣುಮಗಳ ಮಾನ ನಮ್ಮ ಕೈಯಲ್ಲಿದೆ.

ನಮಗೆ ವರ್ಗಾವಣೆ ಇದ್ದದ್ದೇ. ಕಾರ್ಯಕರ್ತೆಯರೂ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ನಾಳೆ ನಮ್ಮ ಕುರ್ಚಿಯಲ್ಲಿ ಕೂರುವ ಹೊಸಬರು ಯಾರನ್ನೂ ಕೇಳದೆ ಕಾಗದ ತೆಗೆದುಕೊಡುವಂತಿರಬೇಕು. ಹಳೆಯದನ್ನೆಲ್ಲ ಒಂದೇ ದಿನ ಸರಿಮಾಡಲು ಆಗಲ್ಲ. ಇವತ್ತು ಸ್ಕ್ಯಾನ್ ಮಾಡುವ ಕಾಗದದಿಂದಲೇ ಶುರುಮಾಡೋಣ. ಆ ತಾಯಂದಿರು ಮತ್ತೆ ಬಂದಾಗ ಐದು ನಿಮಿಷದಲ್ಲಿ ಪ್ರಿಂಟ್ ಕೊಟ್ಟು ಕಳಿಸೋಣ.