ಇಂಗ್ಲಿಷ್ ಸರ್ವನಾಮಗಳ ಬಗೆಗಳೂ ಕನ್ನಡ ವಿದ್ಯಾರ್ಥಿಯೂ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲಿನಂತಹ ಊರಿನ ಕನ್ನಡ ಶಾಲೆಯ ಬಾಲಕನೊಬ್ಬನು 'ಮೇಷ್ಟರು ಬಂದರು. ಅವರು ಪುಸ್ತಕ ಕೊಟ್ಟರು' ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ ಎರಡನೆಯ ವಾಕ್ಯವನ್ನು 'ದೇ' ಎಂದು ಮೊದಲುಮಾಡಿದರೆ ಉಪಾಧ್ಯಾಯರು ಕೆಂಪು ಗೆರೆ ಎಳೆಯುವರು. ಗೆರೆ ಸರಿಯೇ, ಆದರೆ ಬಾಲಕನ ತರ್ಕವೂ ನೆಟ್ಟಗೇ ಇದೆ. 'ಅವರು' ಬಹುವಚನವೆಂದು ವ್ಯಾಕರಣವು ಹೇಳಿತು. ಗೌರವಕ್ಕಾಗಿ ಅದು ಒಬ್ಬರಿಗೂ ಸಲ್ಲುವುದೆಂದು ಮನೆಯು ಕಲಿಸಿತು. ಇಂಗ್ಲಿಷಿನ ಸರ್ವನಾಮದಲ್ಲಿ ಆ ಗೌರವಕ್ಕೆ ಎಡೆಯಿಲ್ಲವೆಂದು ಮಾತ್ರ ಯಾರೂ ತಿಳಿಸಲಿಲ್ಲ. ಹೆಣ್ಣೋ ಗಂಡೋ ತಿಳಿಯದ ಒಬ್ಬ ವ್ಯಕ್ತಿಗೆ 'ದೇ' ಎನ್ನುವ ರೂಢಿ ಆ ಭಾಷೆಯಲ್ಲಿ 14ನೆಯ ಶತಮಾನದಿಂದ ಇರುವುದೇನೋ ನಿಜ. ಅದು ಮರ್ಯಾದೆಯ ಮಾತಲ್ಲ.

ಇಂಗ್ಲಿಷ್ ವ್ಯಾಕರಣಗಳು ಪುರುಷವಾಚಕ, ಸ್ವಾಮ್ಯವಾಚಕ, ಆತ್ಮಾರ್ಥಕ, ನಿರ್ದೇಶಕ, ಪ್ರಶ್ನಾರ್ಥಕ, ಸಂಬಂಧಾರ್ಥಕ, ಅನಿರ್ದಿಷ್ಟ, ಪರಸ್ಪರಾರ್ಥಕ ಎಂದು ಎಣಿಸಿಕೊಂಡು ಹೋಗುತ್ತವೆ. ನಾಮಪದಕ್ಕೆ ಬದಲಾಗಿ ನಿಲ್ಲುವುದು ಎಂಬುದು ಅವು ಕೊಡುವ ಲಕ್ಷಣ. ಲ್ಯಾಟಿನಿನಿಂದ ಬಂದ ಹೆಸರಿಗೂ ಅದೇ ಅರ್ಥ. ನಾವು ಬಳಸುವ 'ಸರ್ವನಾಮ' ಎಂಬ ಸಂಜ್ಞೆಯ ಹುಟ್ಟು ಬೇರೆ. ಪಾಣಿನಿಯು 'ಸರ್ವ' ಶಬ್ದವೇ ಮೊದಲಾದ ಒಂದು ಗಣಕ್ಕೆ ಆ ಹೆಸರಿಟ್ಟನು. ಆ ಶಬ್ದಗಳು ವಿಭಕ್ತಿಪ್ರತ್ಯಯಗಳಲ್ಲಿ ತೋರುವ ವಿಶೇಷಕ್ಕಾಗಿ ಅವನ್ನು ಒಂದೆಡೆ ಸೇರಿಸಿದ್ದು. ಒಂದು ಅರ್ಥವನ್ನು ನೋಡಿದ ವಿಭಾಗ, ಮತ್ತೊಂದು ರೂಪವನ್ನು ನೋಡಿದ ವಿಭಾಗ. ಎರಡನ್ನೂ ಒಂದೇ ಪದದಿಂದ ಕರೆದು ಪಾಠಹೇಳುವಾಗ ಗೊಂದಲವು ಸಹಜ.

ಪುರುಷಗಳ ಎಣಿಕೆಯಲ್ಲಿಯೇ ಎಡವುವುದುಂಟು. ಇಂಗ್ಲಿಷರು ಮೊದಲನೆಯದೆಂದು ಎಣಿಸುವ 'ನಾನು' ನಮಗೆ ಉತ್ತಮಪುರುಷ; ನಮ್ಮ ಪ್ರಥಮಪುರುಷವು ಅವರಿಗೆ ಮೂರನೆಯದು. ಸಂಖ್ಯೆಯನ್ನು ನೆಚ್ಚಿ ಭಾಷಾಂತರಿಸಿದ ವಿದ್ಯಾರ್ಥಿಯು 'ನಾನು' ಇರಬೇಕಾದಲ್ಲಿ 'ಅವನು' ಇಡುವನು.

ಇದಕ್ಕಿಂತ ಆಳವಾದ ಭೇದವೊಂದಿದೆ. ನಾನು, ನೀನು ಎಂಬವು ಮಾತಾಡುವವನನ್ನೂ ಕೇಳುವವನನ್ನೂ ಹೇಳುವುವು. ಯಾವ ನಾಮಪದಕ್ಕೂ ಬದಲಾಗಿ ಬಂದವಲ್ಲ. ಅವನು, ಇವನು, ಯಾವನು ಎಂಬವಾದರೋ ಅಲ್ಲಿ-ಇಲ್ಲಿ-ಎಲ್ಲಿ, ಆಗ-ಈಗ-ಯಾವಾಗ, ಅಷ್ಟು-ಇಷ್ಟು-ಎಷ್ಟು ಎಂಬ ಸಾಲಿಗೆ ಸೇರಿದವು. ಹಳಗನ್ನಡದಲ್ಲಿ ಅಕಾರ ಇಕಾರಗಳ ನಡುವೆ 'ಉ' ಎಂಬ ಮೂರನೆಯ ನಿರ್ದೇಶವೂ ಇದ್ದಿತು. ಡಿ. ಎನ್. ಶಂಕರ ಭಟ್ಟರು 2004ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಲೋಕದ ಹಲವು ಭಾಷೆಗಳನ್ನು ಪರಿಶೀಲಿಸಿ ಈ ಎರಡು ವರ್ಗಗಳನ್ನು ಬೇರ್ಪಡಿಸಿದ್ದಾರೆ. ಕನ್ನಡದ ಬಾಲಕನಿಗೆ ಈ ಭೇದವು ಬಾಯಲ್ಲಿಯೇ ಇದೆ. 'ಹೀ' ಎಂಬುದಕ್ಕೆ ದೂರ-ಸಮೀಪಗಳ ಸೂಚನೆಯಿಲ್ಲ, ಅವನು-ಇವನು ಎರಡಕ್ಕೂ ಅದೊಂದೇ ಎಂದು ತಿಳಿಸಿದರೆ ಸಾಕು. ಬೆಂಗಳೂರು ಗ್ರಾಮಾಂತರದ ತೆಲುಗು ಮನೆಮಾತಿನ ಮಕ್ಕಳಿಗೆ ಇನ್ನೊಂದು ನಷ್ಟವೂ ಉಂಟು: ಕೇಳುವವನನ್ನು ಬಿಟ್ಟ 'ಮೇಮು', ಸೇರಿಸಿಕೊಂಡ 'ಮನಮು' ಎರಡೂ ಕನ್ನಡದ 'ನಾವು', ಇಂಗ್ಲಿಷಿನ 'ವೀ' ಎಂಬಲ್ಲಿ ಕರಗಿಹೋಗುತ್ತವೆ.

ಆತ್ಮಾರ್ಥಕದಲ್ಲಿ ಕನ್ನಡವೇ ಹೆಚ್ಚು ಖಚಿತ. 'ರಾಮನು ಭೀಮನೊಡನೆ ತನ್ನ ಮನೆಗೆ ಹೋದನು' ಎಂದರೆ ಮನೆ ರಾಮನದು. 'ಅವನ ಮನೆಗೆ' ಎಂದರೆ ಭೀಮನದೋ ಮತ್ತೊಬ್ಬನದೋ. ಇಂಗ್ಲಿಷಿನ 'ಹಿಸ್' ಎಲ್ಲಕ್ಕೂ ಒಂದೇ. 'ತಾನು ಬರುವುದಾಗಿ ರಾಮನು ಹೇಳಿದನು' ಎಂಬಲ್ಲಿ ಬರುವವನು ರಾಮನೇ. ಇಲ್ಲಿ 'ತಾನು' ಎಂಬುದಕ್ಕೆ 'ಹಿಮ್‌ಸೆಲ್ಫ್' ಎಂದು ಬರೆದರೆ ವಾಕ್ಯವು ಕೆಡುವುದು, 'ಹೀ' ಎಂದು ಬರೆದರೆ ಸಂದೇಹವು ಉಳಿಯುವುದು. ಇನ್ನು 'ರಾಜನೇ ಬಂದನು' ಎಂಬುದರ ಏಕಾರಕ್ಕೆ ಇಂಗ್ಲಿಷು ಅದೇ 'ಹಿಮ್‌ಸೆಲ್ಫ್' ಎಂಬುದನ್ನು ತರುತ್ತದೆ. ಆದುದರಿಂದ 'ತಾನು' ಎಂದರೆ 'ಹಿಮ್‌ಸೆಲ್ಫ್' ಎಂದು ಬಾಯಿಪಾಠ ಮಾಡಿಸುವುದು ಎರಡು ಕಡೆಯೂ ತಪ್ಪುದಾರಿ.

ಅನಿರ್ದಿಷ್ಟಗಳನ್ನು ಕುರಿತು ಒಂದು ಮಾತು. 'ಯಾರೂ ಬರಲಿಲ್ಲ' ಎಂಬಲ್ಲಿ ನಿಷೇಧವು ಕ್ರಿಯೆಯಲ್ಲಿದೆ. ಇಂಗ್ಲಿಷಿನಲ್ಲಿ ಅದು 'ನೋಬಡಿ' ಎಂಬ ಸರ್ವನಾಮದೊಳಗೇ ಅಡಗಿದೆ. ಎರಡು ಕಡೆಯೂ ನಿಷೇಧವನ್ನಿಟ್ಟ ವಾಕ್ಯಗಳು ಉತ್ತರಪತ್ರಿಕೆಗಳಲ್ಲಿ ಬರುವುದು ಹೀಗೆ.

ಸಂಬಂಧಾರ್ಥಕವೇ ಎಲ್ಲಕ್ಕಿಂತ ಕಠಿನ. ದ್ರಾವಿಡ ಭಾಷೆಗಳು ಇದರ ಕೆಲಸವನ್ನು ಕೃದಂತದಿಂದ ನಡೆಸುವುವೆಂಬುದನ್ನು ಕಾಲ್ಡ್‌ವೆಲ್ಲರು 1856ರಲ್ಲಿಯೇ ವಿವರಿಸಿದರು. ಕಿಟ್ಟೆಲ್ಲರ 1903ರ ವ್ಯಾಕರಣದಲ್ಲಿಯೂ ಈ ವಿಚಾರವಿದೆ. 'ಹುಡುಗ ಬರೆದ ಕಾಗದ', 'ಹುಡುಗ ಬರೆದ ಲೇಖನಿ', 'ಹುಡುಗ ಬರೆದ ಮೇಜು' — ಮೂರರಲ್ಲಿಯೂ 'ಬರೆದ' ಎಂಬುದೊಂದೇ. ಮೊದಲನೆಯದು ಕರ್ಮ, ಎರಡನೆಯದು ಕರಣ, ಮೂರನೆಯದು ಅಧಿಕರಣ ಎಂಬುದನ್ನು ಕೇಳುವವನು ವಸ್ತುಸ್ವಭಾವದಿಂದ ಊಹಿಸುವನು. ಇಂಗ್ಲಿಷು ಈ ಊಹೆಗೆ ಬಿಡುವುದಿಲ್ಲ. 'ವಿಚ್' ಎಂಬುದರೊಡನೆ 'ವಿತ್', 'ಆಟ್' ಎಂಬ ಕಾರಕಸೂಚಕಗಳನ್ನು ಬೇಡುತ್ತದೆ. ನಮ್ಮ ವಿದ್ಯಾರ್ಥಿಗಳು ಅವನ್ನು ಬಿಟ್ಟುಬಿಡುವುದು ಅಜಾಗ್ರತೆಯಿಂದಲ್ಲ. ಪಾಠಹೇಳುವವರು 'ಯಾವ ಲೇಖನಿಯಿಂದ ಹುಡುಗನು ಬರೆದನೋ ಆ ಲೇಖನಿ' ಎಂದು ಕನ್ನಡದಲ್ಲಿಯೇ ಒಮ್ಮೆ ಬಿಡಿಸಿ ತೋರಿಸಿದರೆ ಮರೆಯಾಗಿದ್ದ ವಿಭಕ್ತಿಯು ಕಣ್ಣಿಗೆ ಬೀಳುವುದು. ಯಾವ-ಆ ಎಂಬ ಈ ಜೋಡಿಯು ಕನ್ನಡಕ್ಕೆ ಹೊಸದಲ್ಲ. ಆದರೆ ಬಿಡಿಸಿ ತೋರಿಸಲು ತಂದ ಈ ವಾಕ್ಯವನ್ನು ಬಾಲಕನು ತನ್ನ ಕನ್ನಡ ಪ್ರಬಂಧದಲ್ಲಿಯೂ ಬರೆಯತೊಡಗಿದರೆ, ಅಲ್ಲಿ ಕೆಂಪು ಗೆರೆ ಎಳೆಯಬೇಕಾದವರು ಕನ್ನಡ ಪಂಡಿತರು.