ಕಾಕಾನ ಎಡಗಾಲು ಸುಳ್ಳು ಹೇಳಿರಲಿಲ್ಲ

ಎರಡು ವರ್ಷದ ಹಿಂದೆ ಸಂತಪುರದಲ್ಲಿ ನಮ್ಮ ಕಾಕಾ ಟ್ರಾಲಿ ಮೇಲಿಂದ ಬಿದ್ದರು. ಕೆಳಗಿದ್ದ ಕಬ್ಬಿಣದ ಸಲಾಕೆ ಬೆನ್ನಿಗೆ ಚುಚ್ಚಿತು. ಆಪರೇಷನ್ ಆಯ್ತು, ಜೀವ ಉಳೀತು. ಬಲಗಾಲು ಮಾತ್ರ ಎತ್ತಕ್ಕಾಗಲ್ಲ. ಎಡಗಾಲಿಗೆ ಪೂರ್ತಿ ಶಕ್ತಿ ಇದೆ. ಆದರೆ ಆ ಚಳಿಗಾಲದಲ್ಲಿ ಬೆಂಕಿ ಕಾಯಿಸ್ತಾ ಕೂತಾಗ ಸುಟ್ಟಿದ್ದು ಆ ಎಡಗಾಲೇ. ಬೊಬ್ಬೆ ಎದ್ದ ಮೇಲೂ ಅವರಿಗೆ ಗೊತ್ತಾಗಿರಲಿಲ್ಲ. "ಗಟ್ಟಿ ಇರೋ ಕಾಲಿಗೆ ಉರಿ ಗೊತ್ತಾಗಲ್ಲಂದ್ರ ಹ್ಯಾಂಗ? ನಾಟಕ" ಅಂತ ಓಣಿಯವರು ನಕ್ಕರು. ನನಗೂ ಒಳಗೊಳಗೇ ಅನುಮಾನ ಇತ್ತು, ಒಪ್ಕೋತೀನಿ.

ಈ ವರ್ಷ ಲೈಬ್ರರಿಯಲ್ಲಿ ಒಂದು ಅನಾಟಮಿ ಪುಸ್ತಕ ತೆಗೆದಾಗ ಉತ್ತರ ಸಿಕ್ತು.

ಬೆನ್ನುಹುರಿ ಒಂದೇ ವಯರ್ ಅಲ್ಲ. ದೊಡ್ಡವರಲ್ಲಿ ಸುಮಾರು 45 ಸೆಂ.ಮೀ. ಉದ್ದ, ಕಿರುಬೆರಳಿನಷ್ಟು ದಪ್ಪ. ಅದರೊಳಗೆ ನರದ ಎಳೆಗಳ ಬೇರೆ ಬೇರೆ ಕಟ್ಟುಗಳಿವೆ. ಮೆದುಳಿನ ಆಜ್ಞೆಯನ್ನು ಕೈಕಾಲಿಗೆ ತರೋ ಎಳೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು, ಬೆನ್ನುಹುರಿ ಶುರುವಾಗೋ ಮೊದಲೇ, ಮೆಡುಲ್ಲಾ ಅನ್ನೋ ಮೆದುಳಿನ ಬುಡದಲ್ಲಿ ಬದಿ ಬದಲಿಸುತ್ತವೆ. ಅದಕ್ಕೇ ಮೆದುಳಿನ ಎಡಭಾಗಕ್ಕೆ ಸ್ಟ್ರೋಕ್ ಹೊಡೆದರೆ ಬಲಗೈ ಬೀಳುತ್ತೆ. ದಾಟಿದ ಮೇಲೆ ಅವು ಅದೇ ಬದಿಯಲ್ಲಿ ಕೆಳಗಿಳಿತವೆ.

ಮೇಲೆ ಹೋಗೋ ಸುದ್ದಿಗೆ ಎರಡು ದಾರಿ. ಕಂಪನ, ನಾಜೂಕಾದ ಸ್ಪರ್ಶ, ಕಾಲು ಎಲ್ಲಿದೆ ಅನ್ನೋ ಅರಿವು ಬಂದ ಬದಿಯಲ್ಲೇ ಹತ್ತಿ ಮೆಡುಲ್ಲಾದಲ್ಲಿ ದಾಟುತ್ತೆ. ನೋವು, ಬಿಸಿ, ತಂಪು ಅಷ್ಟು ಕಾಯೋದಿಲ್ಲ. ಬೆನ್ನುಹುರಿಗೆ ಸೇರಿದ ಸ್ವಲ್ಪ ಮೇಲೇ ಆಚೆ ಬದಿಗೆ ದಾಟಿಬಿಡುತ್ತೆ, ಆಮೇಲೆ ಹತ್ತುತ್ತೆ.

ಇಲ್ಲೇ ಇದೆ ಕಾಕಾನ ಕಥೆ. ಸಲಾಕೆ ಹಾಳು ಮಾಡಿದ್ದು ಬೆನ್ನುಹುರಿಯ ಬಲ ಅರ್ಧವನ್ನ. ಬಲಗಾಲಿಗೆ ಬರೋ ಆಜ್ಞೆ ಅಲ್ಲೇ ನಿಂತಿತು. ಎಡಗಾಲಿನ ಉರಿಯ ಸುದ್ದಿಯೂ ಅಷ್ಟರಲ್ಲಿ ಬಲಕ್ಕೆ ದಾಟಿ ಹತ್ತುತ್ತಿತ್ತಲ್ಲ, ಅದೂ ಅಲ್ಲೇ ನಿಂತಿತು. ಏಳದ ಬಲಗಾಲಿಗೆ ಸೂಜಿ ತಾಗಿಸಿದ್ರೆ ಕಾಕಾ ಚೀರ್ತಾರೆ! ಆದರೆ ಕಣ್ಣು ಮುಚ್ಚಿದ್ರೆ ಅದರ ಬೆರಳು ಮೇಲಿದೆಯೋ ಕೆಳಗಿದೆಯೋ ಹೇಳಕ್ಕಾಗಲ್ಲ.

ಇದಕ್ಕೆ ಬ್ರೌನ್-ಸೆಕಾರ್ಡ್ ಸಿಂಡ್ರೋಮ್ ಅಂತಾರೆ. 1817ರಲ್ಲಿ ಮಾರಿಷಸ್‌ನಲ್ಲಿ ಹುಟ್ಟಿದ ಆ ವೈದ್ಯ, 1850ರ ಆಸುಪಾಸಿನಲ್ಲೇ ಪ್ರಾಣಿಗಳ ಬೆನ್ನುಹುರಿಯ ಅರ್ಧ ಕತ್ತರಿಸಿ ಇದನ್ನ ತೋರಿಸಿದ್ದ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಹಾಳೆ ಮೇಲೆ ಎರಡು ಬಣ್ಣದ ಗೆರೆ ಎಳೆದು ತೋರಿಸಿದೆ. ಕಾಕಾ ಬಹಳ ಹೊತ್ತು ನೋಡಿ, "ಓಣ್ಯಾಗ ತೋರ್ಸಿ ಬಾ" ಅಂದ್ರು. ಈಗ ಒಲೆ ಮುಂದೆ ಕೂತ್ರೆ ಬಲಗಾಲನ್ನ ಕೈಯಿಂದ ಎತ್ತಿ ಎಡಗಾಲಿನ ಪಕ್ಕ ಇಡ್ತಾರೆ. ಬಲಗಾಲಿಗೆ ಚುರ್ ಅಂದ ಕೂಡಲೇ ಎರಡನ್ನೂ ಹಿಂದಕ್ಕೆ ಎಳ್ಕೋತಾರೆ.